ಹಿಮಗಾಲುವೆಯ ನೀರುಗಂಟಿ

೧೯೯೬ನೆಯ ಇಸವಿ, ಜನವರಿ ಹದಿನೇಳು, ಬುಧವಾರ. ಬೆಳಗ್ಗೆ ಏಳಕ್ಕೆ ಸರಿಯಾಗಿ ರೊವೇನಾ ತೂಬಿನ ಚಕ್ರವನ್ನು ಎರಡೂ ಕೈಯಿಂದ ತಿರುಗಿಸಿ ಕಾಲುವೆಗೆ ನೀರು ಬಿಟ್ಟಳು. ಓಣಿಯ ಹನ್ನೊಂದು ಮನೆಗಳ ಕಣ್ಣೂ ತನ್ನ ಬೆನ್ನ ಮೇಲಿದೆಯೆಂಬುದು ಅವಳಿಗೆ ಗೊತ್ತಿತ್ತು. ಯಾರೂ ನೋಡುತ್ತಿರಲಿಲ್ಲ, ನಿಜ. ಆದರೆ ನೋಡದಂತೆ ನೋಡುವುದರಲ್ಲಿ ಹಿನೊಸಾವಾದವರನ್ನು ಮೀರಿಸುವವರಿಲ್ಲ.

ಜಪಾನಿನ ಯಮಗಾತಾ ಸೀಮೆಯ ಆ ಊರಿನಲ್ಲಿ ರಾತ್ರಿ ಬಿದ್ದ ಹಿಮ ಬೆಳಗಾಗುವುದರೊಳಗೆ ಬಾಗಿಲನ್ನು ಅರ್ಧ ನುಂಗಿರುತ್ತದೆ. ಅದನ್ನು ಸಾಗಹಾಕಲು ಓಣಿಯ ಉದ್ದಕ್ಕೂ ಕಲ್ಲುಕಟ್ಟಿನ ಕಾಲುವೆಯಿದೆ. ಮೇಲ್ತುದಿಯ ತೂಬು ತೆರೆದರೆ ನದಿಯ ನೀರು ನುಗ್ಗುತ್ತದೆ, ಮನೆಯವರು ತಮ್ಮ ತಮ್ಮ ಮುಂದಿನ ಜಾಲರಿ ಎತ್ತಿ ಸಲಿಕೆಯಲ್ಲಿ ಹಿಮ ಸುರಿಯುತ್ತಾರೆ. ಮೊದಲ ಅರ್ಧ ಗಂಟೆ ಕೆಳಗಿನ ಮನೆಗಳದ್ದು, ಆಮೇಲಿನ ಅರ್ಧ ಗಂಟೆ ಮೇಲಿನ ಮನೆಗಳದ್ದು. ತೂಬು ಕಾಯುವ ನೀರುಗಂಟಿಯ ಕೆಲಸ ವಾರಕ್ಕೊಂದು ಮನೆಯಂತೆ ಸರದಿಯ ಮೇಲೆ ಬರುತ್ತದೆ. ಆ ವಾರ ಅದು ಇಗರಾಶಿ ಮನೆಗೆ ಬಂದಿತ್ತು.

ಇಗರಾಶಿ ಮನೆಯ ಮಗ ಯೋಜಿ ಕೊಯ್ಲು ಮುಗಿದೊಡನೆ ಕಟ್ಟಡದ ಕೆಲಸಕ್ಕೆಂದು ಟೋಕಿಯೊಗೆ ಹೋಗಿದ್ದ. ಅವನ ತಾಯಿ ಕಿನು ಅಂಗಳದಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಉಳಿದವಳು ಸೊಸೆ ರೊವೇನಾ, ಫಿಲಿಪೀನ್ಸಿನವಳು. ಹಿಂದಿನ ತಿಂಗಳು, ಡಿಸೆಂಬರ್ ಹತ್ತರ ಭಾನುವಾರ, ಓಣಿಯ ಹಿರಿಯ ಹಾಸೆಬೆಯ ಮನೆಯಲ್ಲಿ ಸಭೆ ಸೇರಿದಾಗ ಈ ಮಾತು ಬಂದಿತು. ಹಾಸೆಬೆ ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಅವನು ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು ಕುತ್ತಿಗೆ ಓರೆ ಮಾಡಿದ.

“ಇಗರಾಶಿ ಮನೆಯವರಿಗೆ ಈ ಸಲ ಸ್ವಲ್ಪ ಕಷ್ಟ ಆಗಬಹುದೇನೋ...”

“ಕಷ್ಟ ಏನು ಬಂತು? ಸೊಸೆ ಇದ್ದಾಳಲ್ಲ,” ಎಂದಳು ಕಿನು. “ಭತ್ತದ ಸೀಮೆಯಿಂದ ಬಂದವಳು. ನೀರು ಕಟ್ಟೋದು ಅವಳಿಗೇನು ಹೊಸದಾ?”

“ಅದೂ ಸರಿ... ಅದೂ ಸರಿ...”

ಎಲ್ಲರೂ ನಕ್ಕರು, ಚಹಾ ಕುಡಿದರು. ಸೊಸೆಯೊಡನೆ ಮನೆಗೆ ಬರುವ ದಾರಿಯಲ್ಲಿ ಕಿನುವಿನ ಮುಖದಲ್ಲಿ ನಗೆಯಿರಲಿಲ್ಲ. “ನೋಡು, ಎಡವಟ್ಟಾಯ್ತೋ, ಇನ್ನು ನಮ್ಮನೆಗೆ ಸರದಿ ಬರಲ್ಲ. ‘ನಿಮಗ್ಯಾಕೆ ತೊಂದರೆ, ನಾವೇ ನೋಡ್ಕೋತೀವಿ’ ಅಂತಾರೆ. ಸರದಿ ತಪ್ಪಿದ ಮನೆ ಓಣಿಯಲ್ಲಿದ್ದೂ ಇಲ್ಲದ ಹಾಗೆ. ನಾಳೆ ನಾವು ಸತ್ತರೆ ಹೆಣಕ್ಕೆ ಹೆಗಲು ಕೊಡೋರೂ ಹೀಗೇ ನಗ್ತಾ ದೂರ ನಿಂತಿರ್ತಾರೆ.”

ಆ ನಗೆಯ ಅರ್ಥವನ್ನು ರೊವೇನಾ ಬಹಳ ಹಿಂದೆಯೇ ಕಲಿತಿದ್ದಳು. ಅವಳು ಹಿನೊಸಾವಾಕ್ಕೆ ಬಂದದ್ದು ೧೯೮೮ರ ನವೆಂಬರ್ ಇಪ್ಪತ್ತೆರಡರಂದು, ಮಂಗಳವಾರ. ಮೊದಲ ಚಳಿಗಾಲದಲ್ಲಿ ಅಂಗಳದ ಹಿಮವನ್ನೆಲ್ಲ ಬೇಲಿಯಾಚೆಗೆ ಎಸೆದಿದ್ದಳು. ಮರುದಿನ ಪಕ್ಕದ ಮನೆಯ ಓಕುಯಾಮಾ ಹೆಂಗಸು ಮೂಲಂಗಿ ಉಪ್ಪಿನಕಾಯಿ ತಂದುಕೊಟ್ಟು, “ನಿಮ್ಮ ಸೊಸೆ ಎಷ್ಟು ಗಟ್ಟಿ! ಎಷ್ಟು ದೂರ ಎಸೀತಾಳೆ!” ಎಂದು ಹೊಗಳಿ ಹೋದಳು. ರೊವೇನಾ ಉಬ್ಬಿಹೋದಳು. ಅತ್ತೆ ಮಾತ್ರ ಆ ಕ್ಷಣವೇ ಸಲಿಕೆ ಹಿಡಿದು, ಬೇಲಿಯಾಚೆಯ ಹಿಮವನ್ನೆಲ್ಲ ಈಚೆಗೆ ತಂದು ಹಾಕಿದ್ದಳು. ಇಲ್ಲಿ ಬೈಗುಳವೂ ತಟ್ಟೆಯಲ್ಲಿ ಬರುತ್ತದೆಂದು ರೊವೇನಾಳಿಗೆ ಅಂದು ತಿಳಿಯಿತು. ಕ್ರಮೇಣ ಅವಳೂ ಮಾತನ್ನು ಅರ್ಧಕ್ಕೆ ಬಿಡುವುದನ್ನು, ಬೇಡವೆನ್ನದೆ ಬೇಡವೆನ್ನುವುದನ್ನು ಕಲಿತಳು. ಎಂಟನೆಯ ಚಳಿಗಾಲದ ಹೊತ್ತಿಗೆ, ಅವಳ ವಿನಯ ನಮ್ಮೂರ ಹುಡುಗಿಯರಿಗೂ ಬಾರದೆಂದು ಅಂಗಡಿಯವರು ಹೇಳುವಷ್ಟಾಗಿತ್ತು.

ಆ ಬುಧವಾರ ಕೆಳಮನೆಗಳ ಪಾಳಿ ಸುಗಮವಾಗಿ ಮುಗಿಯಿತು. ಮೇಲ್ಮನೆಗಳ ಪಾಳಿ ಶುರುವಾಗುತ್ತಲೇ, ತೂಬಿಗೆ ಹೊಂದಿಕೊಂಡ ತನ್ನ ಮನೆಯ ಮುಂದೆ ಹಾಸೆಬೆ ಉನ್ಮಾದ ಬಂದವನಂತೆ ದುಡಿಯತೊಡಗಿದ. ಮುಂಜಾನೆ ಅವನ ಸೂರಿನ ಹಿಮವೆಲ್ಲ ಒಮ್ಮೆಗೇ ಜಾರಿ, ಕಾರನ್ನು ಹುಗಿದುಬಿಟ್ಟಿತ್ತು. ಅವನ ಹೆಂಡತಿ ಫುಮಿಗೆ ಬುಧವಾರವೆಂದರೆ ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಳ್ಳುವ ದಿನ. ಒಂಬತ್ತಕ್ಕೆ ಅವಳು ಆಸ್ಪತ್ರೆಯಲ್ಲಿರಬೇಕು. ಸೂರಿನ ಹಿಮ ಇಟ್ಟಿಗೆಯಂತೆ ಗಟ್ಟಿ. ಅದನ್ನು ಪುಡಿ ಮಾಡಿ ಸುರಿಯಬೇಕೆಂಬ ನಿಯಮ ಬರೆದವನು ಹಾಸೆಬೆಯೇ. ಅಂದು ಅವನಿಗೆ ಪುಡಿ ಮಾಡುವ ವ್ಯವಧಾನವಿರಲಿಲ್ಲ. ಪೆಟ್ಟಿಗೆಯಷ್ಟು ದೊಡ್ಡ ಗಡ್ಡೆಗಳನ್ನು ಹಾಗೆಯೇ ಉರುಳಿಸಿದ.

ನೀರು ತಡೆದು ತಡೆದು ಹೋಗುವುದನ್ನು ರೊವೇನಾ ಮೊದಲು ಕಂಡಳು. ಆಮೇಲೆ ಅದು ಹೋಗುವುದನ್ನೇ ಬಿಟ್ಟಿತು. ಓಣಿಯ ಕೆಳತುದಿಯಲ್ಲಿ, ಒಬ್ಬಳೇ ಇರುವ ತೊಮೆ ಅಜ್ಜಿಯ ಮನೆಯ ಮುಂದೆ, ಕಾಲುವೆಯ ಅಂಚು ದಾಟಿದ ಕಪ್ಪು ನೀರು ಹಿಮದ ಮೇಲೆ ಹರಡುತ್ತಿತ್ತು. ಅಜ್ಜಿ ಪೊರಕೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ನುಗ್ಗುವ ನೀರನ್ನು ಹೊರಗೆ ಗುಡಿಸುತ್ತಿದ್ದಳು. ರೊವೇನಾಳ ಕಣ್ಣು ತನ್ನ ಮೇಲೆ ಬಿದ್ದುದನ್ನು ಕಂಡು ಪೊರಕೆ ನಿಲ್ಲಿಸಿ, ಸೊಂಟ ಬಾಗಿಸಿ ನಮಸ್ಕರಿಸಿದಳು. ಮತ್ತೆ ಗುಡಿಸತೊಡಗಿದಳು.

ಆ ನಮಸ್ಕಾರ ಕಂಡು ರೊವೇನಾ ಚಕ್ರಕ್ಕೆ ಕೈಹಾಕಿದಳು. ಆದರೆ ತೂಬು ಮುಚ್ಚುವುದೆಂದರೆ, ಓಣಿಯೆಲ್ಲ ನೋಡುತ್ತಿರುವಾಗ ಹಿರಿಯನಿಗೆ ‘ತಪ್ಪು ನಿಮ್ಮದು’ ಎಂದಂತೆ. ಅದರ ಮೇಲೆ ಫುಮಿಯ ಕಾರು ಹಿಮದಲ್ಲೇ ಉಳಿಯುತ್ತದೆ. ಅವಳು ಇಲ್ಲಿ ಕಲಿತ ಸುತ್ತುಮಾತಿನ ದಾರಿಯನ್ನೇ ಹಿಡಿದಳು.

“ಹಾಸೆಬೆ ಅವರೇ, ಇವತ್ತಿನ ಹಿಮ ಭಾರ ಅಲ್ವಾ?”

“ಭಾರ, ಭಾರ! ಸೊಂಟ ಮುರೀತು ನೋಡಮ್ಮ.” ಇನ್ನೊಂದು ಗಡ್ಡೆ ಉರುಳಿತು.

“ನೀರು ಯಾಕೋ ಮಂದ ಅನ್ನಿಸ್ತಿದೆ...”

“ಚಳಿಗಾಲ ಅಲ್ವಾ? ನದಿಗೂ ಚಳಿ.” ಮತ್ತೊಂದು ಗಡ್ಡೆ.

“ತೊಮೆ ಅಜ್ಜಿ ಆಗಲೇ ಬಾಗಿಲು ಗುಡಿಸ್ತಿದ್ದಾರೆ, ಪಾಪ...”

“ಮೊದಲಿಂದಲೂ ಅಚ್ಚುಕಟ್ಟಿನ ಹೆಂಗಸು ಅವರು.”

ಮುಖವೆತ್ತಿ ನೋಡುವಷ್ಟು ಪುರುಸೊತ್ತೂ ಅವನಿಗಿರಲಿಲ್ಲ. ಎದುರು ಮನೆಯವಳು ಮಾತ್ರ ಕಾಲುವೆಯನ್ನೊಮ್ಮೆ ನೋಡಿ, ರೊವೇನಾಳನ್ನೊಮ್ಮೆ ನೋಡಿ, ಸದ್ದಿಲ್ಲದೆ ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಅವಳಿಗೆ ಅರ್ಥವಾಗಿತ್ತು. ಅರ್ಥವಾದವರೆಲ್ಲ ಒಳಗೆ ಹೋಗುತ್ತಿದ್ದರು. ಕೆಳಗೆ ಹೊಸ್ತಿಲಲ್ಲಿ ಅಜ್ಜಿ ಈಗ ಕಾಣುತ್ತಿರಲಿಲ್ಲ. ತೆರೆದ ಬಾಗಿಲೊಳಗೆ ನೀರು ತಾನೇ ತಾನಾಗಿ ಹೋಗುತ್ತಿತ್ತು.

ರೊವೇನಾ ಚಕ್ರ ತಿರುಗಿಸಿದಳು. ತಣ್ಣನೆಯ ಕಬ್ಬಿಣ ಕೈಗವಸಿನ ಮೂಲಕವೂ ಕಚ್ಚಿತು. ತೂಬಿನ ಹಲಗೆ ತಳ ಮುಟ್ಟಿದೊಡನೆ ನೀರಿನ ಸದ್ದು ಅಡಗಿತು, ಓಣಿಯ ಸಲಿಕೆಗಳೆಲ್ಲ ಒಟ್ಟಿಗೆ ನಿಂತವು.

ಹಾಸೆಬೆ ನೆಟ್ಟಗಾದ. ಮುಖದಿಂದ ಹಬೆಯೇಳುತ್ತಿತ್ತು. ಅವಳನ್ನು, ಚಕ್ರವನ್ನು, ಸುತ್ತಲಿನವರನ್ನು ನೋಡಿ ಮೆಲ್ಲಗೆ ಕೇಳಿದ: “ಏನಮ್ಮ, ಚಕ್ರ ಜಾರ್ತಾ?”

ಅದು ಅವಳನ್ನು ಉಳಿಸಲೆಂದು ಅವನು ಚಾಚಿದ ಕೈ. ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಪರದೇಶದ ಹೆಣ್ಣು, ಮೊದಲ ಸರದಿ, ಚಕ್ರ ಜಾರಿತು. ಯಾರ ಮುಖವೂ ಕೆಡುತ್ತಿರಲಿಲ್ಲ.

“ಜಾರಲಿಲ್ಲ. ನಾನೇ ಮುಚ್ಚಿದೆ,” ಎಂದಳು ರೊವೇನಾ. ದನಿ ಅವಳೆಣಿಸಿದ್ದಕ್ಕಿಂತ ಜೋರಾಗಿ ಬಂದಿತು. “ನಿಮ್ಮ ಗಡ್ಡೆಗಳು ಕೆಳಗೆ ಸಿಕ್ಕಿಕೊಂಡಿವೆ. ತೊಮೆ ಅಜ್ಜಿ ಮನೆಯೊಳಗೆ ನೀರು ಹೋಗಿದೆ.”

“ಫುಮಿಗೆ ಆಸ್ಪತ್ರೆ...”

“ಗೊತ್ತು. ಆದ್ರೂ ತೂಬು ತೆಗೆಯೋದಿಲ್ಲ.”

ಉತ್ತರಕ್ಕೆ ಕಾಯದೆ ಅವಳು ಓಣಿಯಲ್ಲಿ ಎದ್ದುಬಿದ್ದು ಕೆಳಗೋಡಿದಳು.

ಅಜ್ಜಿಯ ಮನೆಯ ಬಾಗಿಲ ಕೋಣೆಯಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಹಾಸಿಗೆಯಿದ್ದ ಎತ್ತರದ ನೆಲಕ್ಕೆ ಇನ್ನು ಒಂದು ಗೇಣಷ್ಟೇ ಉಳಿದಿತ್ತು. ಎಂಬತ್ತೊಂದರ ಮುದುಕಿ ಆ ನೀರಿನಲ್ಲೇ ನಿಂತು, ಆಲೂಗಡ್ಡೆಯ ಬುಟ್ಟಿಯನ್ನು ಮೇಲಿಡಲು ಹೆಣಗುತ್ತಿದ್ದಳು. ತುಟಿ ನೀಲಿಗಟ್ಟಿತ್ತು.

“ಅಜ್ಜಿ! ಯಾಕೆ ಕೂಗಲಿಲ್ಲ?”

“ಫುಮಿಗೆ ಇವತ್ತು ಆಸ್ಪತ್ರೆ ಅಲ್ವೇನೇ?” ಹಲ್ಲು ಕಟಕಟಿಸುತ್ತಿದ್ದುದರಿಂದ ಮಾತು ತುಂಡು ತುಂಡಾಗಿ ಬಂದಿತು. “ಕೂಗಿದ್ರೆ... ಅವನು ನಿಲ್ಲಿಸಿಬಿಡ್ತಿದ್ದ. ನನ್ನ ಮನೆ ಏನು, ಒಣಗುತ್ತೆ.”

“ನೀವು ಒಣಗ್ತೀರಾ? ಬನ್ನಿ ಬೆನ್ನಿಗೆ!”

ಅವಳನ್ನು ಕೂಸುಮರಿ ಮಾಡಿಕೊಂಡು ರೊವೇನಾ ಹೊರಬರುವಷ್ಟರಲ್ಲಿ ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ಅವಳು ಬಾಯಿಬಿಟ್ಟು ಆಡಿದ ಮೇಲೆ ಕಾಣದವರಂತೆ ಇರಲು ಯಾರಿಗೂ ಸಾಧ್ಯವಿರಲಿಲ್ಲ. ಓಕುಯಾಮಾ ಹೆಂಗಸು ಅಜ್ಜಿಯನ್ನು ಒಲೆಯ ಬಳಿಗೆ ಕರೆದೊಯ್ದಳು. ಇಬ್ಬರು ಗಂಡಸರು ಹಾರೆಯಿಂದ ಗಡ್ಡೆ ಒಡೆದರು; ನೀರು ಗೊರಗೊರ ಸದ್ದು ಮಾಡುತ್ತ ಇಳಿಯಿತು. ಮಿಕ್ಕವರು ಹೇಳಿಸಿಕೊಳ್ಳದೆಯೇ ಹಾಸೆಬೆಯ ಅಂಗಳಕ್ಕೆ ನುಗ್ಗಿ, ಹಿಮವನ್ನು ಕೈಗಾಡಿಯಲ್ಲಿ ಪಾಳು ಜಾಗಕ್ಕೆ ಸಾಗಿಸಿ ಕಾರು ಬಿಡಿಸಿದರು. ಫುಮಿ ಆಸ್ಪತ್ರೆ ಸೇರಿದ್ದು ತಡವಾಗಿ. ಅಲ್ಲಿಯವರು ಕಾದಿದ್ದರು. ಕಾರು ತೂಬನ್ನು ದಾಟುವಾಗ ಹಾಸೆಬೆ ರೊವೇನಾಳ ಕಡೆ ತಿರುಗಲಿಲ್ಲ.

ಮನೆಯಲ್ಲಿ ಕಿನು ಕಟ್ಟು ಹಾಕಿದ ಕೈ ಎತ್ತಿಕೊಂಡು ಕಾಯುತ್ತಿದ್ದಳು. “ಮುಚ್ಚಿದ್ದು ಸರಿ. ಬಾಯಿ ಯಾಕೆ ಬಿಟ್ಟೆ? ಜಾರ್ತು ಅಂದಿದ್ರೆ ಮುಗೀತಿತ್ತಲ್ಲೇ!”

“ಜಾರ್ತು ಅಂದಿದ್ರೆ ಮತ್ತೆ ನೀರು ಬಿಡು ಅಂತಿದ್ರು, ಅತ್ತೆ.”

“ನಮ್ಮನೆ ಸರದಿ ಮುಗೀತು ಅನ್ಕೋ,” ಎಂದು ಕಿನು ಗೋಡೆಯ ಕಡೆ ತಿರುಗಿ ಕುಳಿತಳು.

ಸಂಜೆ ರೊವೇನಾ ತೊಮೆ ಅಜ್ಜಿಯ ಮನೆಯ ನೆಲ ಒರೆಸುತ್ತಿದ್ದಾಗ ಹಾಸೆಬೆ ಮಿಠಾಯಿ ಪೆಟ್ಟಿಗೆ ಹಿಡಿದು ಬಂದ. ಒದ್ದೆ ನೆಲದಲ್ಲಿ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಏಳದೆ ಹಾಗೆಯೇ ಇದ್ದ.

“ಸಾಕು ಏಳೋ, ಹಣೆಗೆ ಶೀತ ಆದೀತು,” ಎಂದಳು ಹೊದಿಕೆಯೊಳಗಿಂದ ಅಜ್ಜಿ. “ಚಡ್ಡಿ ಹಾಕೋ ಕಾಲದಿಂದಲೂ ನಿಂಗೆ ಆತುರ. ಫುಮಿ ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ. ನಿಮ್ಮನ್ನ ಕೇಳಿದಳು.”

ರೊವೇನಾ ಒರೆಸುವ ಬಟ್ಟೆ ಹಿಂಡುತ್ತ ತಲೆಯೆತ್ತಲಿಲ್ಲ. ‘ನಿಮಗ್ಯಾಕೆ ತೊಂದರೆ’ ಎಂಬ ಮಾತಿಗೆ ಅವಳ ಕಿವಿ ಕಾಯುತ್ತಿತ್ತು. ಹಾಸೆಬೆ ಬಾಗಿಲ ಬಳಿ ಕುಳಿತು ಬೂಟು ಹಾಕಿಕೊಂಡ. ಒಂದನ್ನು ಹಾಕಿ ತೆಗೆದು, ಮತ್ತೆ ಹಾಕಿದ. ಕೊನೆಗೆ ಬೆನ್ನು ತಿರುಗಿಸಿಕೊಂಡೇ ಕೇಳಿದ:

“ನಾಳೆ ನೀರು ಎಷ್ಟು ಗಂಟೆಗೆ ಬಿಡ್ತೀರಿ?”

ಕಾಲುವೆ ಕಟ್ಟಿದ ೧೯೭೯ರಿಂದ ಆ ಹೊತ್ತು ಬದಲಾಗಿರಲಿಲ್ಲ. ಅದನ್ನು ನಿಗದಿ ಮಾಡಿದವನೂ ಅವನೇ.

“ಏಳಕ್ಕೆ,” ಎಂದಳು ರೊವೇನಾ.

“ಏಳಕ್ಕೆ. ಸರಿ.” ಅವನು ಎದ್ದು, ಈಗ ಅವಳ ಕಡೆಗೆ ತಿರುಗಿ ತಲೆ ಬಾಗಿಸಿ, ಬೀಳುತ್ತಿದ್ದ ಹಿಮದೊಳಗೆ ಹೋದ.

ಅಜ್ಜಿ ಹೊದಿಕೆ ಸರಿಸಿದಳು. “ಇನ್ನೂ ಏನು ಒರೆಸ್ತಾ ಕೂತಿದ್ದೀಯೇ? ಓಡು, ನಾಳೇನೂ ನೀರು ಬಿಡೋದು ನಾನೇ ಅಂತ ನಿಮ್ಮತ್ತೆಗೆ ಹೇಳು. ಊಟ ಬಿಟ್ಟು ಕೂತಿರ್ತಾಳೆ ಅವಳು.”

ರೊವೇನಾ ಬಟ್ಟೆಯನ್ನು ಬಕೆಟ್ಟಿಗೆಸೆದು ಓಡಿದಳು.