ಸರ್ವೆ ನಂಬರಿನ ಬಾಲ

ಕುಂದಗೋಳದಲ್ಲಿ ನಾನು ಕೆಲಸ ಮಾಡುವ ಸಣ್ಣ ಆಫೀಸಿನವರು ಬತ್ತಿದ ಬೋರ್‌ವೆಲ್ಲಿನ ಸುತ್ತ ಗುಂಡಿ ತೋಡಿ, ಕಲ್ಲು ಮರಳು ತುಂಬಿ, ಮಳೆನೀರು ಇಂಗಿಸಿಕೊಡುತ್ತಾರೆ. ಒಂದೊಂದು ಹೊಲ ಒಂದೊಂದು ಪ್ರಾಜೆಕ್ಟ್. ಹೆಸರು, ಊರು, ಸರ್ವೆ ನಂಬರು ಎಲ್ಲವನ್ನೂ ಆಫೀಸಿನ ಕೆಲಸದ ಲೆಕ್ಕ ಇಡುವ ಸಾಫ್ಟ್‌ವೇರಿಗೆ ನಾನೇ ಟೈಪ್ ಹೊಡೆಯಬೇಕಿತ್ತು. ಸಾಕಾಗಿ, ಎರಡು ತಿಂಗಳು ಕೂತು ಒಂದು ವೆಬ್ ಆ್ಯಪ್ ಮಾಡಿದೆ. ರೈತರು ಮೊಬೈಲಿನಲ್ಲಿ ಅರ್ಜಿ ತುಂಬಿದರೆ ಸಾಕು, ಅದು ಎಪಿಐ ಎಂಬ ಕೊಂಡಿಯ ಮೂಲಕ ಆ ಸಾಫ್ಟ್‌ವೇರಿನೊಳಗೆ ತಾನೇ ಪ್ರಾಜೆಕ್ಟ್ ತೆರೆದು ಜೆಸಿಬಿ ಡ್ರೈವರನಿಗೆ ಹೊಲದ ಜಾಗ ಕಳಿಸುತ್ತಿತ್ತು. ನಡುವೆ ಯಾರ ಕೈಯೂ ಬೇಕಿರಲಿಲ್ಲ.

ಆ್ಯಪ್ ಶುರುವಾದ ಮೂರನೇ ದಿನ ಬೆಳಿಗ್ಗೆ ಸಂಶಿ ಕಡೆಯ ರೈತರೊಬ್ಬರು ಫೋನ್ ಮಾಡಿದರು. ಹೊತ್ತು ಹುಟ್ಟುವಾಗಿನಿಂದ ಹೊಲದಲ್ಲಿ ಕಾಯುತ್ತಿದ್ದಾರಂತೆ, ಗಾಡಿ ಬಂದಿಲ್ಲವಂತೆ. ನನ್ನ ಪರದೆಯಲ್ಲಿ ಅವರ ಕೆಲಸ ಶುರುವಾಗಿದೆ ಅಂತಿತ್ತು.

ಹಾಗಾದರೆ ಜೆಸಿಬಿ ಎಲ್ಲಿ ತೋಡುತ್ತಿದೆ?

ಅವರ ಅರ್ಜಿ ತೆಗೆದು ನೋಡಿದೆ. ಸರ್ವೆ ನಂಬರ್ 112/4. ಪ್ರಾಜೆಕ್ಟಿನಲ್ಲಿ ಬರೀ 112. ಆ ಸಾಫ್ಟ್‌ವೇರ್ ಅಂಕಿ ಬಿಟ್ಟು ಬೇರೇನೂ ಒಪ್ಪುತ್ತಿರಲಿಲ್ಲವೆಂದು ಓರೆಗೆರೆಯನ್ನೂ ಅದರ ನಂತರದ ಹಿಸ್ಸೆಯನ್ನೂ, ಅಂದರೆ ಪಾಲಿನ ನಂಬರನ್ನೂ, ಕತ್ತರಿಸಿ ಕಳಿಸುವಂತೆ ಪ್ರೋಗ್ರಾಂ ಬರೆದವಳು ನಾನೇ. ಹಿಸ್ಸೆ ಇಲ್ಲದ ನಂಬರಿಗೆ ನಕಾಶೆ 112ರ ಮೊದಲನೇ ಪಾಲಿನ ಹೊಲ ತೋರಿಸಿತ್ತು. ಅದು ಬೇರೆಯವರದು.

ಡ್ರೈವರನ ಫೋನು ಹತ್ತಲಿಲ್ಲ. ಮತ್ತೆ ಹಚ್ಚಿದೆ, ಮತ್ತೆ. ಆಫೀಸು ನಡೆಸುವ ಸರ್ ಮೀಟಿಂಗಿನಲ್ಲಿದ್ದರು, ಹೇಳುವ ಧೈರ್ಯವೂ ಇರಲಿಲ್ಲ. ಸ್ಕೂಟಿ ತೆಗೆದು ಆ ಬೇರೆಯವರ ಹೊಲಕ್ಕೆ ಹೊರಟೆ. ಹಿಂದಿನ ದಿನದ ಮಳೆಗೆ ಕಪ್ಪು ಎರಿ ಮಣ್ಣು ಗಾಲಿಗೆ ಮೆತ್ತಿಕೊಂಡು ಗಾಡಿ ಮುಂದೆ ಹೋಗಲೊಲ್ಲದು. ದಾರಿಯ ಬಾಜು ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ದೂರದಿಂದ ಯಂತ್ರದ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ನಿಂತದ್ದಕ್ಕೆ ಇನ್ನಷ್ಟು ಹೆದರಿಕೆಯಾಯಿತು.

ಮೆಣಸಿನ ಗಿಡದ ಎರಡು ಸಾಲು ನೆಲಕ್ಕೆ ಒರಗಿದ್ದವು. ಬತ್ತಿದ ಬೋರ್ ಒಂದು ಅಲ್ಲೂ ಇದ್ದದ್ದರಿಂದ ಡ್ರೈವರನಿಗೆ ಅನುಮಾನ ಬಂದಿರಲಿಲ್ಲ. ಹೊಲದ ಒಡತಿ, ಐವತ್ತು ದಾಟಿದ ಹೆಂಗಸು, ಜೆಸಿಬಿಯ ಎದುರಿಗೇ ನಿಂತು ತಡೆದಿದ್ದರು.

"ಕಂಪ್ಯೂಟರ್ ತಪ್ಪು ಮಾಡೇತಂತ ಇಂವ ಹೇಳಾಕತ್ತಾನ. ಅದಕ್ಕ ಹೇಳಿಕೊಟ್ಟಾವ್ರು ಯಾರು?" ಎಂದು ಡ್ರೈವರನತ್ತ ಕೈ ತೋರಿಸಿ ಕೇಳಿದರು.

"ನಾನರಿ," ಎಂದೆ. "ನಂದ ತಪ್ಪರಿ."

ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಕೆಸರಿನ ಕಾಲು ನೋಡಿದರು. "ಹಂಗಾರ ಉಳದಾವ್ರ ಹೊಲ ಏನಾಗ್ಯಾವೋ ನೋಡ ಹೋಗವ್ವಾ ಮೊದಲ. ಗಿಡದ ಮಾತು ಆಮ್ಯಾಲೆ ಆಡೂಣು."

ಅಷ್ಟು ಹೊತ್ತೂ ನನಗೆ ಉಳಿದವರ ನೆನಪೇ ಬಂದಿರಲಿಲ್ಲ. ಅಲ್ಲಿಂದಲೇ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ, ಎಲ್ಲ ಕಡೆಯ ಕೆಲಸ ನಿಲ್ಲಿಸಿದೆವು. ಅರ್ಜಿಗಳನ್ನು ಒಂದೊಂದಾಗಿ ಹೋಲಿಸಿದಾಗ ಇನ್ನೂ ಎರಡು ತಪ್ಪಿದ್ದವು. ಅದರಲ್ಲೊಂದಕ್ಕೆ ಮರುದಿನವೇ ಗಾಡಿ ಹೋಗಬೇಕಿತ್ತು. ನಕಾಶೆ ತೋರಿಸಿದ ಆ ತಪ್ಪು ಹೊಲದಲ್ಲಿ, ಬೋರ್ ಇದ್ದ ಜಾಗದಲ್ಲಿ, ಹೊಸದಾಗಿ ಮನೆ ಕಟ್ಟಿದ್ದರು.

ಬಿದ್ದ ಮೆಣಸಿನ ಗಿಡಗಳಿಗೆ ಬದಲಾಗಿ ಆ ಒಡತಿಯ ಬೋರಿಗೂ ಗುಂಡಿ ತೋಡಿಕೊಡುವುದೆಂದು ಸರ್ ಒಪ್ಪಿದರು. ಕೊಯ್ಲು ಮುಗಿದ ಮೇಲೆ ಆಕೆ ಬಂದು, ಅರ್ಜಿಯನ್ನು ನನ್ನಿಂದಲೇ ತುಂಬಿಸಿ, ನಂಬರನ್ನು ಮೂರು ಸಲ ಓದಿಸಿದರು.

ಈಗ ನಾನು ರೈತರಿಗೆ ಫೋನ್ ಮಾಡಿ ನಂಬರು ಕೇಳಿ ಒಪ್ಪಿಗೆ ಕೊಡುವ ತನಕ ಆ್ಯಪ್ ಯಾವ ಪ್ರಾಜೆಕ್ಟನ್ನೂ ತೆರೆಯುವುದಿಲ್ಲ. ಆದರೂ ಗಾಡಿ ಹೊರಟ ಮೇಲೆ ಡ್ರೈವರನಿಗೆ ಒಮ್ಮೆ ಫೋನ್ ಹಚ್ಚುತ್ತೇನೆ. ಅವನು ಎತ್ತುವ ತನಕ ಚಹಾ ಕೂಡ ಮುಟ್ಟುವುದಿಲ್ಲ.