ಯಲ್ಲಪ್ಪ ಕಾಕಾನ ಗಾಳದ ಕೋಲು

ನಾಲ್ಕು ವರ್ಷದ ಹಿಂದಿನ ಮಾತು. ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. ಪುಣೆಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಯಲ್ಲಪ್ಪ ಕಾಕಾಗೆ ಆ ವರ್ಷ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋಗಿದ್ದವು. ಬೆಳಗಾವಿ ಕಡೆಯ ಅವರು ನಮಗೆ ನೆಂಟರೇನಲ್ಲ. ಆದರೆ ಆ ಕಟ್ಟಡದಲ್ಲಿ ಕನ್ನಡ ಮಾತಾಡುವ ಮನೆಗಳು ನಮ್ಮವೆರಡೇ.

ಮಳೆಗೆ ಸೋರುತ್ತಿದ್ದ ಅಟ್ಟದ ಸಾಮಾನು ಇಳಿಸಿಕೊಡಲು ಒಂದು ಭಾನುವಾರ ಹೋಗಿದ್ದೆ. ಉದ್ದನೆಯ ಬಟ್ಟೆ ಚೀಲವೊಂದು ಸಿಕ್ಕಿತು. ಒಳಗೆ ಮೂರು ತುಂಡು ಬಿದಿರು ಕೋಲು, ತುದಿಗಳಿಗೆ ಹಿತ್ತಾಳೆಯ ಕೊಳವೆ, ಒಂದಕ್ಕೆ ಕಾರ್ಕ್ ಹಿಡಿಕೆ. ಕಾಕಾ ಮೊದಲು ಒಬ್ಬ ಮಿಲಿಟರಿ ಅಧಿಕಾರಿಯ ಡ್ರೈವರ್ ಆಗಿದ್ದರಂತೆ. ಸಾಹೇಬರು ಊರು ಬಿಡುವಾಗ ಕೊಟ್ಟ ಮೀನಿನ ಗಾಳದ ಕೋಲು ಅದು ಎಂದು ಅವರ ಹೆಂಡತಿ ಕಾಕು ಹೇಳಿದರು. ಕೋಲಿಗೆ ಸುತ್ತಿದ್ದ ದಾರಗಳು ಬಿಚ್ಚಿ ನೇತಾಡುತ್ತಿದ್ದವು. ವಾರ್ನಿಶ್ ಕಪ್ಪಾಗಿ, ಹೊಪ್ಪಳೆ ಎದ್ದಿತ್ತು.

ನಾನು ಚಾಕಣದ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವವನು. ಹಳೆಯ ಸಾಮಾನು ಕಂಡರೆ ಕೈ ಸುಮ್ಮನಿರದು. ದುರಸ್ತಿ ಮಾಡಿ ತರುತ್ತೇನೆ ಎಂದೆ. ಕಾಕಾ ಮಂಚದ ಮೇಲಿಂದಲೇ ಎಡಗೈ ಎತ್ತಿ ಏನೋ ಹೇಳಲು ನೋಡಿದರು. ಗಂಟಲಿನಿಂದ ಬರೀ ಸದ್ದು ಬಂತು. ಸಂತೋಷಪಟ್ಟರು ಎಂದುಕೊಂಡು ನಾನು ನಕ್ಕು, ಚೀಲ ಹೆಗಲಿಗೆ ಹಾಕಿಕೊಂಡು ಇಳಿದುಬಂದೆ.

ಪುಣೆಯ ಕ್ಯಾಂಪ್ ಪೇಟೆಯಲ್ಲಿ ಮೀನು ಹಿಡಿಯುವ ಸಾಮಾನು ಮಾರುವ ವಯಸ್ಸಾದ ಅಂಗಡಿಯವರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಕೋಲನ್ನು ಬೆಳಕಿಗೆ ತಿರುಗಿಸಿ, ಇದು ಇಡೀ ಬಿದಿರಲ್ಲ, ಸೀಳಿದ ಆರು ಪಟ್ಟಿಗಳನ್ನು ಅಂಟಿಸಿ ಮಾಡಿದ್ದು ಎಂದು ಮರಾಠಿಯಲ್ಲಿ ವಿವರಿಸಿದರು. ದಾರ ಸುತ್ತುವ ಗಾಲಿ ಕೂರುವ ಜಾಗ ಹಿಡಿಕೆಯ ಕೆಳತುದಿಯಲ್ಲಿತ್ತು. ಹಾಗಿದ್ದರೆ ಅದು ಫ್ಲೈ ರಾಡ್, ಗರಿಯಿಂದ ಕಟ್ಟಿದ ಹಗುರಾದ ನಕಲಿ ಹುಳವನ್ನು ನೀರಿನ ಮೇಲೆ ಎಸೆಯುವ ಕೋಲು ಎಂದರು. ವಾರ್ನಿಶ್ ತೆಗೆಯುವ ಮೊದಲು ಹಿಡಿಕೆಗಿಂತ ತುಸು ಮೇಲಿನ ಬಿದಿರನ್ನು ಸರಿಯಾಗಿ ನೋಡು, ಮಾಡಿದವರು ಅಲ್ಲಿ ಶಾಯಿಯಲ್ಲಿ ಹೆಸರು ಬರೆದಿರುತ್ತಾರೆ ಎಂದೂ ಎಚ್ಚರಿಸಿದರು.

ನೋಡಿದೆ. ಭೂತಗನ್ನಡಿ ಹಿಡಿದೇ ನೋಡಿದೆ. ನಾನು ಹುಡುಕಿದ್ದು ಇಂಗ್ಲಿಷ್ ಅಕ್ಷರಗಳ ಕಂಪನಿ ಹೆಸರನ್ನು. ಅದು ಇರಲಿಲ್ಲ. ಕಪ್ಪು ವಾರ್ನಿಶ್ ಅಡಿಯಲ್ಲಿ ಸೊಟ್ಟ ಗೆರೆಯಂಥ ಒಂದೆರಡು ಕಲೆ ಮಾತ್ರ ಇದ್ದವು. ಉಜ್ಜುಕಾಗದ ಹಾಕಿದೆ. ಕಲೆ ಬಿದಿರಿನಲ್ಲಿ ಇಳಿದಿತ್ತು, ಸುಲಭಕ್ಕೆ ಹೋಗಲಿಲ್ಲ. ಹಟ ಹಿಡಿದು ಉಜ್ಜಿದೆ.

ಒಂದೂವರೆ ತಿಂಗಳು ಹಿಡಿಯಿತು. ರೇಷ್ಮೆ ದಾರ ಹೊಸದಾಗಿ ಸುತ್ತಿದೆ, ಹಿತ್ತಾಳೆ ತಿಕ್ಕಿದೆ, ಮೂರು ಸಲ ವಾರ್ನಿಶ್ ಬಳಿದೆ. ಜೇನಿನ ಬಣ್ಣ ಬಂತು.

ದೀಪಾವಳಿಯ ಪಾಡ್ಯದ ದಿನ ಅದನ್ನು ಕಾಕಾನ ತೊಡೆಯ ಮೇಲಿಟ್ಟೆ. ಅವರು ದಾರ ನೋಡಲಿಲ್ಲ, ಹಿತ್ತಾಳೆ ನೋಡಲಿಲ್ಲ. ಎಡಗೈ ಹೆಬ್ಬೆರಳನ್ನು ಹಿಡಿಕೆಯ ಮೇಲಿನ ಬಿದಿರಿಗೆ ಒತ್ತಿ ಸವರಿದರು. ಕೋಲು ತಿರುಗಿಸಿ ಮತ್ತೆ ಸವರಿದರು. ಕಣ್ಣಿಂದ ನೀರು ಇಳಿಯತೊಡಗಿತು. ನಾನು ಮೂರ್ಖ, ಖುಷಿಯಿಂದ ಅಳುತ್ತಿದ್ದಾರೆ ಎಂದುಕೊಂಡು ಫೋಟೋ ತೆಗೆಯಲು ಮೊಬೈಲ್ ಎತ್ತಿದೆ.

ಕಾಕು ಬಂದು ಕೋಲನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಇಲ್ಲಿ ನಮ್ಮ ಸುಮಿ ಬರೆದಿದ್ದು ಇತ್ತಪಾ. ‘ಅಪ್ಪ’ ಅಂತ.”

ಅವರಿಗೊಬ್ಬಳು ಮಗಳಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ಮರಾಠಿ ಶಾಲೆಗೆ ಹೋಗುತ್ತಿದ್ದ ಅವಳಿಗೆ ಕಾಕಾ ಮನೆಯಲ್ಲಿ ಕನ್ನಡ ಅಕ್ಷರ ಕಲಿಸಿದ್ದರಂತೆ. ಭೋರ್ ಕಡೆಯ ಹೊಳೆಗೆ ಗಾಳ ಹಾಕಲು ಹೋದಾಗಲೆಲ್ಲ ಅವಳೂ ಜೊತೆಗೆ. ಒಂದು ದಿನ ಶಾಯಿ ಪೆನ್ನಿನಿಂದ ಕೋಲಿನ ಮೇಲೆ ಬರೆದುಬಿಟ್ಟಿದ್ದಳು. ಎಂಟನೆಯ ವಯಸ್ಸಿಗೆ ಕಾಮಾಲೆಯಾಗಿ ತೀರಿಹೋದಳು. ಆ ಬರಹ ಅಳಿಯಬಾರದೆಂದು ಕಾಕಾನೇ ಅದರ ಮೇಲೆ ದಪ್ಪಗೆ ವಾರ್ನಿಶ್ ಬಳಿದಿದ್ದರು. ಮತ್ತೆಂದೂ ಹೊಳೆಗೆ ಹೋಗಲಿಲ್ಲ.

ಅವಳು ಬರೆದ ಬೇರೆ ಪಾಟಿ, ಪುಸ್ತಕ ಏನಾದರೂ ಇದೆಯೇ ಎಂದು ಕೇಳಿದೆ.

“ಇಲ್ಲ. ಅದೊಂದ ಉಳದಿತ್ತು.” ನನ್ನ ಮುಖ ನೋಡಿ ಕಾಕುವೇ ಸಮಾಧಾನ ಹೇಳಿದರು. “ನಿನಗರೆ ಹೆಂಗ ಗೊತ್ತಾಗಬೇಕು. ದುರಸ್ತಿ ಅಂದ್ರ ಕೆರೀತಾರ ಅನ್ನೂದು ನನಗೂ ಹೊಳೀಲಿಲ್ಲ.”

ಆಮೇಲೆ ದಿನಾ ಸಂಜೆ ಕೆಲಸದಿಂದ ಬಂದು ಕಾಕಾನ ಹತ್ತಿರ ಕೂರುತ್ತಿದ್ದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಅದು ಸಿಟ್ಟೋ, ದಣಿವೋ ತಿಳಿಯಲಿಲ್ಲ. ನಾಳೆ ಕೇಳೋಣ, ಕೈಮುಗಿದು ತಪ್ಪಾಯಿತು ಅನ್ನೋಣ ಎಂದುಕೊಳ್ಳುತ್ತ ದಿನ ದೂಡಿದೆ. ಸಂಕ್ರಾಂತಿಗೆ ಮುಂಚೆ ಅವರು ತೀರಿಕೊಂಡರು.

ಸುಮಿ ಬದುಕಿದ್ದರೆ ಈಗ ನನ್ನ ವಯಸ್ಸಿನವಳು. ಕಾಕು ಇಂದಿಗೂ ಹಬ್ಬಕ್ಕೆ ನನ್ನನ್ನು ಕರೆದು ಉಣಬಡಿಸುತ್ತಾರೆ. ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣುತ್ತೇನೆ. ಬೇಕೇ ಎಂದು ಕೇಳಿದರೂ ತಲೆ ಎತ್ತಿ ಉತ್ತರಿಸುವುದು ನನಗೆ ಇನ್ನೂ ಆಗುವುದಿಲ್ಲ.