ಉಡಚಪ್ಪನವರು ತಗ್ಗಿಸಿದ ಸದ್ದು

ಹುಬ್ಬಳ್ಳಿ ಸ್ಟೇಶನ್ ಎದುರಿನ ಟ್ಯಾಕ್ಸಿ ಚಾಲಕ ಉಡಚಪ್ಪನವರ ಲೈಸೆನ್ಸಿನಲ್ಲಿ ೧೯೬೩ರ ಮೇ ತಿಂಗಳೊಳಗೆ ಎರಡು ಷರಾಗಳು ಬಿದ್ದಿದ್ದವು. ಎರಡೂ ಧಾರವಾಡ ರಸ್ತೆಯಲ್ಲಿನ ಅತಿವೇಗಕ್ಕೆ. ಮೂರನೆಯದು ಬಿದ್ದರೆ ಲೈಸೆನ್ಸನ್ನೇ ಅಮಾನತುಗೊಳಿಸುವುದಾಗಿ ಮ್ಯಾಜಿಸ್ಟ್ರೇಟರು ಎಚ್ಚರಿಸಿದ್ದರು. ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡಿದ ಕೈಗೆ ಬೇರೆ ಕಸುಬು ತಿಳಿದಿರಲಿಲ್ಲ.

ಆಗ ಮೋಟಾರು ಮಿಸ್ತ್ರಿ ಶಾಬುದ್ದೀನ ಒಂದು ಉಪಾಯ ಹೂಡಿದ. ಜೂನ್ ೧೭, ಸೋಮವಾರ (ಹದಿನೆಂಟೆಂದು ಕೆಲವರು ಹೇಳುವುದು ತಪ್ಪು), ವೇಗಮಾಪಕದೊಳಗೆ ತಾಮ್ರದ ಪಟ್ಟಿಯೊಂದನ್ನು ಕೂಡಿಸಿ ಅದಕ್ಕೊಂದು ಗಂಟೆ ಜೋಡಿಸಿದ. ಮುಳ್ಳು ವೇಗದ ಮಿತಿಯಾದ ಮೂವತ್ತೈದು ಮೈಲಿಗೆ ಏರಿ ಪಟ್ಟಿಗೆ ತಾಗಿದೊಡನೆ ಗುಂಯ್ಗುಡುವ ವಿದ್ಯುತ್ ಗಂಟೆ ಅದು. ಎರಡು ತಿರುಪುಗಳಿದ್ದವು: ಒಂದು ಪಟ್ಟಿಯನ್ನು ಹಿಂದೆ ಮುಂದೆ ಸರಿಸಲು; ಹಳೆಯ ರೇಡಿಯೋದಿಂದ ಕಿತ್ತು ತಂದ ಇನ್ನೊಂದು, ಸದ್ದನ್ನು ಏರಿಳಿಸಲು.

ಊರೊಳಗಿನ ತಗ್ಗುಗಳಲ್ಲಿ ಕಾರು ಕುಲುಕಿದಾಗ ಮುಳ್ಳು ನಡುಗಿ, ಇಪ್ಪತ್ತೈದಕ್ಕೇ ಗಂಟೆ ಗುಂಯ್ಗುಡುತ್ತಿತ್ತು. “ಏನ್ರಿ, ಗಾಡ್ಯಾಗ ಜೇನು ಸಾಕೀರೇನು?” ಎಂದು ಪ್ರಯಾಣಿಕರು ಚುಡಾಯಿಸುತ್ತಿದ್ದರು.

“ಸುಮ್ಸುಮ್ನ ಕೂಗಿದ್ರ ಪಟ್ಟಿ ಸರಸ್ರಿ ಕಾಕಾ, ಸದ್ದು ಇಳಸಬ್ಯಾಡ್ರಿ,” ಎಂದಿದ್ದ ಶಾಬುದ್ದೀನ. “ಸದ್ದು ಇಳಿಸಿದ್ರ ಖರೇ ಕೂಗಿದ್ದೂ ಕೇಳಂಗಿಲ್ಲ.”

ಮಾತು ಸರಿಯಾದುದೇ. ಆದರೆ ಪಟ್ಟಿಯನ್ನು ಸರಿಸಲು ಕಾರು ನಿಲ್ಲಿಸಿ ಮಾಪಕದ ಗಾಜು ಬಿಚ್ಚಬೇಕು. ಸದ್ದಿನ ತಿರುಪು ಬೆರಳಿನ ಪಕ್ಕದಲ್ಲೇ ಇತ್ತು. ಮನುಷ್ಯನ ಸಿಟ್ಟು ಹತ್ತಿರದ ತಿರುಪನ್ನೇ ಹುಡುಕುತ್ತದೆ.

ಆಗಸ್ಟ್ ೯, ಶುಕ್ರವಾರ, ವಿದ್ಯಾನಗರದ ಗಾಯಕಿ ಮೃಣಾಲಿನಿ ಹಾಡಿನ ಧ್ವನಿಮುದ್ರಣಕ್ಕೆಂದು ಉಡಚಪ್ಪನವರ ಟ್ಯಾಕ್ಸಿಯಲ್ಲಿ ಧಾರವಾಡಕ್ಕೆ ಹೊರಟರು. ಹಿಂದಿನ ಸೀಟಿನಲ್ಲಿ ಶ್ರುತಿಪೆಟ್ಟಿಗೆ ಒತ್ತುತ್ತ ಗಂಟಲು ಹದ ಮಾಡಿಕೊಳ್ಳುವುದು ಅವರ ರೂಢಿ. ಅದನ್ನು ಕೇಳುತ್ತ ಕಾರು ನಡೆಸುವುದು ಉಡಚಪ್ಪನವರ ಹೆಮ್ಮೆ. ಉಣಕಲ್ಲಿನ ಬಳಿ ತಗ್ಗೊಂದು ಬಂತು, ಗಂಟೆ ಕೂಗಿತು.

“ಉಡಚಪ್ಪಣ್ಣಾ, ನಿಮ್ಮ ಗಂಟಿ ನನ್ನ ಷಡ್ಜದ ಕೂಡ ಜಗಳಾ ತಗೀಲಿಕ್ಕತ್ತದಲ್ರಿ!”

“ಅದಕ್ಕೇನ್ ತಿಳೀತೈತ್ರಿ ಬಾಯಾರ, ಗ್ಯಾರೇಜಿನ್ಯಾಗ ಸಂಗೀತ ಕಲತೈತಿ!” ಎಂದು ನಕ್ಕು ಅವರು ಸದ್ದಿನ ತಿರುಪನ್ನು ಇಳಿಸಿದರು.

ನವಲೂರು ಸಮೀಪಿಸುವಾಗ ರಸ್ತೆ ನಯವಾಯಿತು. ಮೃಣಾಲಿನಿಯವರು ದ್ರುತ ಗತಿಗೆ ಏರಿದರು. ಲಯದ ಬೆನ್ನುಹತ್ತಿ ಉಡಚಪ್ಪನವರ ಬಲಗಾಲು ತಾನಾಗಿಯೇ ಕೆಳಗಿಳಿಯಿತು. ಮುಳ್ಳು ನಲವತ್ತೆರಡರಲ್ಲಿತ್ತು, ಗಂಟೆಯ ಕ್ಷೀಣ ಗುಂಯ್ಕಾರ ಶ್ರುತಿಪೆಟ್ಟಿಗೆಯೊಳಗೆ ಕರಗಿಹೋಗಿತ್ತು. ಮುಂದೆ ಮರದ ಕೆಳಗೆ ಇಬ್ಬರು ಪೊಲೀಸರು ವಾಹನಗಳ ವೇಗ ಅಳೆಯಲು ಗಡಿಯಾರ ಹಿಡಿದು ನಿಂತಿದ್ದರು.

ಆಗಸ್ಟ್ ೨೬, ಸೋಮವಾರ, ಧಾರವಾಡದ ಕೋರ್ಟಿನ ಅಂಗಳದಲ್ಲಿ ಮೃಣಾಲಿನಿಯವರು ಉಡಚಪ್ಪನವರನ್ನು ಪಕ್ಕಕ್ಕೆ ಕರೆದರು.

“ನನ್ನ ಸಲುವಾಗಿ ಆತಿದು. ಗಂಟಿ ಕೆಟ್ಟಿತ್ತಂತ ಹೇಳ್ರಿ. ನಾ ಸಾಕ್ಷಿ ನಿಲ್ತೇನಿ.”

“ಕೆಟ್ಟಿದ್ದಿಲ್ಲರಿ ಬಾಯಾರ.”

“ಲೈಸೆನ್ಸ್ ಹೋದ್ರ?”

ಅಷ್ಟರಲ್ಲಿ ಕರೆ ಬಂತು, ಉಡಚಪ್ಪನವರು ಒಳನಡೆದರು. ಮ್ಯಾಜಿಸ್ಟ್ರೇಟರು ಕೇಳಿದಾಗ ಹೇಳಿದರು: “ಗಾಡ್ಯಾಗಿನ ಎಚ್ಚರಿಕಿ ಗಂಟಿ ಕೂಗಿತ್ತರಿ ಸಾಹೇಬ್ರ. ಅದರ ಬಾಯಿ ನಾನ ಮುಚ್ಚಿದ್ದೆ.”

ನವೆಂಬರ್ ೨೫ರವರೆಗೆ, ಮೂರು ತಿಂಗಳು, ಲೈಸೆನ್ಸು ಅಮಾನತಾಯಿತು. ಅವರು ಅದನ್ನು ಎರಡೂ ಕೈಗಳಿಂದ ಗುಮಾಸ್ತನಿಗೆ ಒಪ್ಪಿಸಿ ಹೊರಬಂದರು. ಕಾರನ್ನು ಹುಬ್ಬಳ್ಳಿಗೆ ಒಯ್ಯಲು ಶಾಬುದ್ದೀನ ಬಂದಿದ್ದ. ಉಡಚಪ್ಪನವರು ಹಿಂದಿನ ಬಾಗಿಲು ತೆರೆದು ಕುಳಿತರು.

“ಮುಂದ ಬರ್ರಿ ಕಾಕಾ, ಅಲ್ಲ್ಯಾಕ?”

“ಬ್ಯಾಡೋ ತಮ್ಮಾ,” ಎಂದರು. “ಮುಂದ ಕುಂತ್ರ ಕಾಲು ಸುಮ್ಮನಿರಂಗಿಲ್ಲ.”